ಮಬ್ಬು ಬೆಳಕಿಗೆ ಯಾವ ಸೈಟು?

ಕೋಪರ್ ಖೈರಾಣೆ,
ಡಿಸೆಂಬರ್, ಶುಕ್ರವಾರ ರಾತ್ರಿ

ಪ್ರೀತಿಯ ಮೇಘಾ,

ಬಿಲ್ಲಿಗೆ ಹಾಕಿ ಗುರಿ ಹಿಡಿಯಲೆಂದು ನೀನು ಆರಿಸಿ ಕಳಿಸಿದ ಸೈಟುಗಳ ಚಿತ್ರಗಳನ್ನೆಲ್ಲ ನೋಡಿದೆ. ಐದು ಪಿನ್ನಿನದು, ಒಂದೇ ಪಿನ್ನಿನದು, ಬ್ಯಾಟರಿಯ ಪುಟ್ಟ ದೀಪ ಇರುವುದು. ಮೂರೂ ಬೇಟೆಗಾರರಿಗಾಗಿ ಮಾಡಿದವು. ಆರು ಗಂಟೆಗೆಲ್ಲ ಡೊಂಬಿವಲಿಯಲ್ಲಿ ಹೊತ್ತು ಮುಳುಗುತ್ತದೆ, ಕಾಲೇಜು ಮುಗಿಸಿ ಮೈದಾನ ಸೇರುವಷ್ಟರಲ್ಲಿ 50 ಮೀಟರಿನಾಚೆಯ ಟಾರ್ಗೆಟ್ಟಿನ ಹಳದಿ ಮಸುಕಾಗಿರುತ್ತದೆ, ಕತ್ತಲೆಗೆಂದೇ ಮಾಡಿದ ಸೈಟು ತೆಗೆದುಕೊಳ್ಳಲೇ ಚಿಕ್ಕಮ್ಮ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಲೆನ್ ಕೀ ಕೈಗೆತ್ತಿಕೊಳ್ಳುವ ಮುಂಚೆ ಇದನ್ನು ಇನ್ನೊಮ್ಮೆ ಓದು.

ಮೊದಲು ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡ. ನಿನಗೆ ಬೇಕಾದ ಬೆಳಕು ಹೆಚ್ಚಿನ ಪಾಲು ನಿನ್ನ ಬಿಲ್ಲಿನಲ್ಲೇ ತಡೆದು ನಿಂತಿದೆ. ಅದನ್ನು ಬಿಡಿಸುವುದು ಹೇಗೆ ಎಂದು ಹೇಳುತ್ತೇನೆ. ಅದಕ್ಕೂ ಮುಂಚೆ ಆ ಸೈಟುಗಳು ಯಾರಿಗಾಗಿ, ಯಾಕಾಗಿ ಹುಟ್ಟಿದವು ಎಂಬುದು ನಿನಗೆ ಗೊತ್ತಿರಬೇಕು.

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರು ಬಹಳ ಮಂದಿ ಇದ್ದಾರೆ. ಜಿಂಕೆ ಮೇಯಲು ಹೊರಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಅಲ್ಲಿನ ಅನೇಕ ರಾಜ್ಯಗಳ ಕಾನೂನು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಬಾಣ ಬಿಡಲು ಅವಕಾಶ ಕೊಡುತ್ತದೆ. ಹಾಗಾಗಿ ಅವರ ದಿನದ ಮುಖ್ಯ ಗಳಿಗೆಯೇ ಮಬ್ಬು ಬೆಳಕಿನದು. ಗುರಿ ಇರುವುದು 20–30 ಮೀಟರಿನೊಳಗೆ, ಅದೂ ಊಟದ ತಟ್ಟೆಯಷ್ಟು ಅಗಲದ ಜಾಗ. ಆ ಕೆಲಸಕ್ಕೆ ದಪ್ಪ ಪಿನ್ನು ನಡೆಯುತ್ತದೆ, ಪಿನ್ನು ಎದ್ದು ಕಾಣಬೇಕು ಅಷ್ಟೆ. ನಿನ್ನ ಕೆಲಸವೇ ಬೇರೆ. 50 ಮೀಟರಿನಲ್ಲಿ 80 ಸೆಂ.ಮೀ. ಅಗಲದ ಟಾರ್ಗೆಟ್ ಮುಖ, ಅದರ ನಡುವಿನ ಹತ್ತರ ವೃತ್ತಕ್ಕೆ ಬರೀ 8 ಸೆಂ.ಮೀ. ಅಗಲ. ಅವರ ವಿಡಿಯೊ ನೋಡಿ ನಿನ್ನ ಬಿಲ್ಲಿಗೆ ಸಾಮಾನು ಆರಿಸಬೇಡ.

ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬಾಗಿಲು ಮುಚ್ಚಿದೆ. ಆ ಕಾಯ್ದೆಯಲ್ಲಿ ಆಯುಧ ಎಂದರೆ ಏನೇನು ಎಂದು ಪಟ್ಟಿ ಮಾಡುವಾಗ ಕೋವಿ, ಬಲೆ, ಉರುಲುಗಳ ಜೊತೆಗೆ ಬಿಲ್ಲು-ಬಾಣವನ್ನೂ ಹೆಸರಿಸಿದ್ದಾರೆ. ನಿನ್ನ ಹೆಗಲ ಮೇಲಿನ ಆ ಚೀಲದಲ್ಲಿರುವುದು ಕಾನೂನಿನ ಕಣ್ಣಿಗೆ ಕಾಡಿನ ಗಡಿ ದಾಟಿದೊಡನೆ ಆಯುಧ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಠಾಣೆಯ ನಿನ್ನ ಗೆಳತಿಯರು ಯೇವೂರಿನ ಇಳಿಜಾರಿನಲ್ಲಿ ಜನಸಂಚಾರ ಇಲ್ಲದ ಜಾಗ ಇದೆ, ಅಲ್ಲಿ ಅಭ್ಯಾಸ ಮಾಡೋಣ ಅಂದಿದ್ದಾರೆಂದು ಅಕ್ಕ ಹೇಳಿದಳು. ಬೇಡ. ಯೇವೂರಿನ ಕಾಡು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಕಡೆಯ ಅಂಚು. ಲಿಖಿತ ಅನುಮತಿ ಇಲ್ಲದೆ ಅಲ್ಲಿಗೆ ಆಯುಧ ಒಯ್ಯುವುದೇ ಅಪರಾಧ. ಚಿರತೆಗಳು ಅಲ್ಲಿ ಖಾಯಂ ವಾಸಿಗಳು, ಮುಸ್ಸಂಜೆ ಅವುಗಳ ತಿರುಗಾಟದ ಹೊತ್ತು. ಪನವೇಲಿನಾಚೆಯ ಕರ್ನಾಳಾ ಪಕ್ಷಿಧಾಮಕ್ಕೂ ಇದೇ ಮಾತು. ಖಾರ್‌ಘರ್ ಗುಡ್ಡವೂ ಬೇಡ, ಅಲ್ಲಿ ನಸುಕಿನಿಂದಲೇ ಜನ ವಾಕಿಂಗ್ ಬರುತ್ತಾರೆ. ಹಿಂದೆ ಮಣ್ಣಿನ ದಿಬ್ಬವೋ ಬಲೆಯೋ ಇರುವ, ಕೋಚ್ ನಿಂತಿರುವ ಮೈದಾನ ಬಿಟ್ಟು ಬೇರೆಲ್ಲೂ ಬಿಲ್ಲಿನ ಚೀಲ ತೆರೆಯಬೇಡ.

ನಿನ್ನ ಅಜ್ಜನನ್ನು ನೀನು ನೋಡಲಿಲ್ಲ. ಹೆಬ್ರಿ ಕಡೆಯ ನಮ್ಮ ಮನೆಯಲ್ಲಿ, ಆ ಕಾಯ್ದೆ ಬರುವ ಮುಂಚಿನ ಕಾಲದಲ್ಲಿ, ಗದ್ದೆಗೆ ನುಗ್ಗುವ ಹಂದಿಗೆಂದು ಅಪ್ಪಯ್ಯನ ಹತ್ತಿರ ಕೋವಿ ಇತ್ತು. ಊರಿನವರು ಅವರ ಗುರಿಯನ್ನು ಹೊಗಳುತ್ತಿದ್ದರು. ಅವರು ಮಾತ್ರ ಗುರಿಯ ಬಗ್ಗೆ ಮಾತಾಡಿದ್ದು ಕಡಿಮೆ. ಅವರ ಕಟ್ಟುನಿಟ್ಟು ಒಂದೇ: ಎದುರಿಗಿರುವುದರ ಮೈಬಣ್ಣ ಹೇಳಲು ಆಗದಷ್ಟು ಮಬ್ಬಾದರೆ ತೋಟೆ ಹೊರಗೆ ತೆಗೆಯಬೇಕು. ಹಂದಿಯೋ ದನವೋ ಎಂದು ಅನುಮಾನ ಬಂದಮೇಲೆ ಅಲ್ಲ. ಅನುಮಾನ ಬರುವುದಕ್ಕೂ ಮೊದಲು, ಬಣ್ಣ ಹೋದ ಕೂಡಲೇ. ಗದ್ದೆಯ ಅಂಚಿನಲ್ಲಿ ಕೆಲಸ ಮುಗಿಸಿ ಬಗ್ಗಿ ನಡೆಯುವ ಮನುಷ್ಯನೂ ಆ ಹೊತ್ತಿನಲ್ಲಿ ಕಪ್ಪು ಗುಡ್ಡೆಯ ಹಾಗೇ ಕಾಣುತ್ತಾನೆ. ಅವರು ಈ ಮಾತು ಹೇಳುವಾಗಲೆಲ್ಲ ದಶರಥನ ಕತೆ ಬರುತ್ತಿತ್ತು. ಸರಯೂ ದಡದಲ್ಲಿ, ಕತ್ತಲಲ್ಲಿ, ಕೊಡ ತುಂಬುವ ಸದ್ದನ್ನೇ ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಬಾಣ ಬಿಟ್ಟವನು ದಶರಥ. ಕುರುಡು ತಾಯಿ-ತಂದೆಯರಿಗೆ ನೀರು ತರಲು ಬಂದ ಹುಡುಗ ಸತ್ತ. ಗಮನಿಸು, ದಶರಥನ ಬಾಣ ಗುರಿ ತಪ್ಪಲಿಲ್ಲ. ಶಬ್ದವೇಧಿ ವಿದ್ಯೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ನೋಟದಲ್ಲಿ. ಕೃಷ್ಣನ ಪಾದವನ್ನು ಜಿಂಕೆಯೆಂದು ಬಗೆದ ಬೇಡ ಜರನ ಕತೆಯೂ ಅದೇ ಜಾತಿಯದು.

ಈಗ ಕಣ್ಣಿನ ವಿಷಯಕ್ಕೆ ಬರೋಣ. ಸೈಟು ಆರಿಸುವವರು ಬಿಲ್ಲಿನ ಪುಸ್ತಕ ಓದುತ್ತಾರೆ, ಕಣ್ಣಿನದು ಓದುವುದಿಲ್ಲ.

ಬಣ್ಣ ಗುರುತಿಸುವ, ಸೂಕ್ಷ್ಮ ಗೆರೆ ಬಿಡಿಸುವ ಶಂಕುಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಒತ್ತೊತ್ತಾಗಿವೆ. ಮಂದ ಬೆಳಕಿಗೆ ಎಚ್ಚರಾಗುವ ಸಲಾಕೆಕೋಶಗಳು ಆ ನಡುವಿನ ಚುಕ್ಕೆಯಲ್ಲಿ ಇಲ್ಲವೇ ಇಲ್ಲ, ಸುತ್ತಲೂ ಹರಡಿವೆ. ಹಾಗಾಗಿ ಕಪ್ಪು ಕವಿಯತೊಡಗಿದಂತೆ ನೀನು ನೆಟ್ಟು ನೋಡುವ ಜಾಗವೇ ಮೊದಲು ಸೋಲುತ್ತದೆ. ಇನ್ನೊಂದು: ಬೆಳಕು ತಗ್ಗಿದಾಗ ಕೆಂಪು ಬೇಗ ಕಪ್ಪಾಗುತ್ತದೆ, ಹಸಿರು-ನೀಲಿಗಳು ಹೋಲಿಕೆಯಲ್ಲಿ ತಿಳಿಯಾಗುತ್ತವೆ. ಪರ್ಕಿಂಜೆ ಎಂಬ ಚೆಕ್ ವಿಜ್ಞಾನಿ ಇದನ್ನು 19ನೇ ಶತಮಾನದ ಆರಂಭದಲ್ಲೇ ಕಂಡುಕೊಂಡಿದ್ದರು. ನಿನ್ನ ಟಾರ್ಗೆಟ್ಟಿನಲ್ಲಿ ಇದನ್ನು ನೀನೇ ನೋಡಬಹುದು. ಆರೂಕಾಲಿಗೆ ಏಳು-ಎಂಟರ ಕೆಂಪು ಪಟ್ಟಿ ಕರಿ ಬಳೆಯಾಗಿರುತ್ತದೆ, ನಡುವಿನ ಹಳದಿ ಬೂದುಬಿಳಿ. ನಿನ್ನ ಸೈಟಿನ ತುದಿಯ ಬಳೆಯಲ್ಲಿ, ಅಂದರೆ ಸ್ಕೋಪಿನಲ್ಲಿ, ಗುರಿಯ ಚುಕ್ಕೆಯಾಗಿರುವ ಕೆಂಪು ಫೈಬರು ಆ ಹೊತ್ತಿಗೆ ಸಾಯುವುದೂ ಇದರಿಂದಲೇ. ಹಸಿರು ಫೈಬರು ಹಾಕಿಸು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ವ್ಯತ್ಯಾಸ ಅದೇ ಸಂಜೆ ಗೊತ್ತಾಗುತ್ತದೆ.

ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಮ್ಮ ಕಡೆ ಮುಸ್ಸಂಜೆ ಇರುವುದೇ 20–25 ನಿಮಿಷ. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಸಂಜೆ ಎಳೆಯುತ್ತದೆ, ಕಣ್ಣಿಗೆ ಸಮಯ ಸಿಗುತ್ತದೆ. ಇಲ್ಲಿ ದುರ್ಗಾಡಿ ಕೋಟೆಯ ಹಿಂದೆ ಸೂರ್ಯ ಇಳಿದದ್ದೇ ತಡ, ಕಲ್ಯಾಣದ ಖಾಡಿ ಕಪ್ಪಾಗಿರುತ್ತದೆ. ನಡುವೆ ಒಮ್ಮೆ ನೀನು ಫೋನ್ ತೆರೆದು ನೋಡಿದೆಯೋ, ಅಷ್ಟು ಹೊತ್ತು ಹೊಂದಿಕೊಂಡದ್ದೆಲ್ಲ ಹೋಯಿತು. ಸಂಜೆ ಅಭ್ಯಾಸದಲ್ಲಿ ಫೋನ್ ಚೀಲದಲ್ಲಿರಲಿ. ಅಂಕಗಳನ್ನು ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದುಕೋ.

ಪಿನ್ನಿನ ವಿಷಯದಲ್ಲಿ ಎಲ್ಲರೂ ಹೊಳಪನ್ನು ಹುಡುಕುತ್ತಾರೆ. ನಾನು ಹೇಳುವುದು ಅದರ ಉಲ್ಟಾ. ಮಬ್ಬಿನಲ್ಲಿ ಪಿನ್ನು ಮಂಕಾಗಿರಬೇಕು, ಕಂಡೂ ಕಾಣದ ಹಾಗಿರಬೇಕು. ಹೊಳೆಯುವ ಚುಕ್ಕೆ ಕಣ್ಣಿನ ಪಾಪೆಯನ್ನು ಕಿರಿದು ಮಾಡುತ್ತದೆ, ತನ್ನ ಸುತ್ತ ಪ್ರಭೆ ಹಬ್ಬಿಸಿಕೊಂಡು ನಿಜದ ಗಾತ್ರಕ್ಕಿಂತ ದಪ್ಪ ಕಾಣುತ್ತದೆ, ಹಿಂದಿನ ಟಾರ್ಗೆಟ್ಟನ್ನು ನುಂಗುತ್ತದೆ. ಗಣಪತಿ ಮಂಟಪದಲ್ಲಿ ಮುಖಕ್ಕೇ ಫೋಕಸ್ ಲೈಟು ಬಿಟ್ಟಾಗ ಹಿಂದಿನ ಮೂರ್ತಿ ಮಾಯವಾಗುತ್ತದಲ್ಲ, ಹಾಗೆ. ಬ್ಯಾಟರಿ ದೀಪದ ಸೈಟು ನಿನಗೆ ಬೇಡ ಎನ್ನಲು ಇದು ಮೊದಲ ಕಾರಣ. ಎರಡನೆಯದು, ವಿಶ್ವ ಆರ್ಚರಿ ಸಂಸ್ಥೆಯ ನಿಯಮದಂತೆ ಸ್ಪರ್ಧೆಯಲ್ಲಿ ವಿದ್ಯುತ್ ದೀಪದ ಸೈಟು ಸಲ್ಲದು. ಕಾಂಪೌಂಡ್ ಬಿಲ್ಲಿಗೆ ಫೈಬರ್ ಆಪ್ಟಿಕ್ ಚುಕ್ಕೆಗೆ ಅಡ್ಡಿಯಿಲ್ಲ, ಲೆನ್ಸಿಗೂ ಇಲ್ಲ. ಸ್ಪರ್ಧೆಯಲ್ಲಿ ತೆಗೆದಿಡಬೇಕಾದ ಸಾಮಾನಿನಲ್ಲಿ ಅಭ್ಯಾಸ ಮಾಡಿ ಏನು ಪ್ರಯೋಜನ?

ಫೈಬರು ಬೆಳಗುವುದು ಹೇಗೆಂದು ತಿಳಿದರೆ ಅದನ್ನು ಹತೋಟಿಯಲ್ಲಿಡುವುದು ಸುಲಭ. ಬಣ್ಣ ತುಂಬಿದ ಆ ಪ್ಲಾಸ್ಟಿಕ್ ಎಳೆ ತನ್ನ ಉದ್ದಕ್ಕೂ ಬೀಳುವ ಬೆಳಕನ್ನು ಹೀರಿ ತುದಿಯಲ್ಲಿ ಹೊರಬಿಡುತ್ತದೆ. ಎಳೆ ಉದ್ದವಾದಷ್ಟೂ ತುದಿ ಪ್ರಖರ. ಮಧ್ಯಾಹ್ನದ ಬಿಸಿಲಿಗೆ ಎಳೆಯ ಮುಕ್ಕಾಲು ಭಾಗಕ್ಕೆ ಕಪ್ಪು ಟೇಪು ಸುತ್ತು, ಸಂಜೆ ಆದಂತೆ ಸ್ವಲ್ಪ ಸ್ವಲ್ಪ ಬಿಚ್ಚು. ದಪ್ಪದ ಲೆಕ್ಕವನ್ನೂ ಮಾಡಿಕೊಡುತ್ತೇನೆ. ಕಣ್ಣಿನಿಂದ ಚುಕ್ಕೆಗೆ ಸುಮಾರು 90 ಸೆಂ.ಮೀ. ಅಂತರ ಎಂದಿಟ್ಟುಕೋ. ಅಂಗಡಿಯವರು ಇಂಚಿನ ಲೆಕ್ಕದಲ್ಲಿ ಪಾಯಿಂಟ್ ಜೀರೋ ಒನ್ ನೈನ್ ಎನ್ನುವ ಪಿನ್ನು ಸುಮಾರು ಅರ್ಧ ಮಿ.ಮೀ. ದಪ್ಪ. 50 ಮೀಟರಿನಲ್ಲಿ ಅದು 27 ಮಿ.ಮೀ.ಯಷ್ಟು ಜಾಗ ಮುಚ್ಚುತ್ತದೆ. ಪಾಯಿಂಟ್ ಜೀರೋ ಟೂ ನೈನ್ ಎನ್ನುವುದು 41 ಮಿ.ಮೀ., ಅಂದರೆ ಹತ್ತರ ವೃತ್ತದ ಅರ್ಧ ಅಗಲ. ನೀನು ಮೆಚ್ಚಿದ ಮೂರರಲ್ಲಿ ಎರಡು ಈ ಟೂ ನೈನ್ ಜಾತಿಯವು. ಐದು ಪಿನ್ನಿನದಂತೂ ಮಬ್ಬಿನಲ್ಲಿ ಯಾವುದು ಯಾವ ದೂರದ್ದೆಂಬ ಗೊಂದಲ ಬೇರೆ. ಒಂದೇ ದೂರಕ್ಕೆ ಬಿಡುವವಳಿಗೆ ಒಂದೇ ಚುಕ್ಕೆ ಸಾಕು.

ಬೆಳಕು ನಿಜವಾಗಿ ಕಳೆದುಹೋಗುವುದು ಪೀಪಿನಲ್ಲಿ. ಹೆದೆಯ ನಡುವೆ ಸಿಕ್ಕಿಸಿದ ಆ ಸಣ್ಣ ಬಳೆಯ ತೂತು ನಿನ್ನದರಲ್ಲಿ 1.6 ಮಿ.ಮೀ. ಹಗಲಿಗೆ ಅದು ಬಹಳ ಒಳ್ಳೆಯದು, ಚುಕ್ಕೆಯೂ ಟಾರ್ಗೆಟ್ಟೂ ಎರಡೂ ಚೂಪಾಗಿ ಕಾಣುತ್ತವೆ. ಮಬ್ಬಿನಲ್ಲಿ ನಿನ್ನ ವಯಸ್ಸಿನ ಕಣ್ಣಿನ ಪಾಪೆ 6–7 ಮಿ.ಮೀ. ಅರಳಬಲ್ಲದು. ಅಷ್ಟು ದೊಡ್ಡ ಬಾಗಿಲು ತೆರೆದಿಟ್ಟು ಅದರ ಎದುರಿಗೆ 1.6 ಮಿ.ಮೀ. ಕಿಂಡಿ ಹಿಡಿದಿದ್ದೀಯ. ತೂತಿನ ಅಡ್ಡಳತೆ ಎರಡರಷ್ಟಾದರೆ ಒಳಬರುವ ಬೆಳಕು ನಾಲ್ಕರಷ್ಟಾಗುತ್ತದೆ. 3.2 ಮಿ.ಮೀ. ಪೀಪ್ ಹಾಕು. ಬೇಟೆಗಾರರು 4.8, 6.4 ಮಿ.ಮೀ.ವರೆಗೂ ಹೋಗುತ್ತಾರೆ. ನಿನಗೆ ಅಷ್ಟು ಬೇಡ, ಏಕೆಂದರೆ ತೂತು ಹಿಗ್ಗಿದಷ್ಟೂ ಸ್ಕೋಪನ್ನು ನಡುವೆ ಕೂರಿಸುವುದು ಕಷ್ಟ. ಪೀಪಿನ ವೃತ್ತದೊಳಗೆ ಸ್ಕೋಪಿನ ಹೊರಬಳೆ ಸರಿಯಾಗಿ ಕೂತು, ಸುತ್ತ ಕೂದಲೆಳೆಯಷ್ಟು ಬೆಳಕಿನ ಗೆರೆ ಉಳಿಯಬೇಕು. ಪೀಪ್ ದೊಡ್ಡದಾದಾಗ ಸ್ಕೋಪು ಅದರೊಳಗೆ ಅಲ್ಲಾಡತೊಡಗುತ್ತದೆ. ಆಗ ಸೈಟಿನ ಉದ್ದ ಪಟ್ಟಿಯನ್ನು ಒಂದೆರಡು ತೂತು ಒಳಗೆ ಎಳೆದುಕೋ. ಸ್ಕೋಪು ಕಣ್ಣಿಗೆ ಹತ್ತಿರವಾಗಿ ದೊಡ್ಡದು ಕಾಣುತ್ತದೆ, ಎರಡು ವೃತ್ತ ಮತ್ತೆ ಹೊಂದುತ್ತವೆ. ನೆನಪಿಡು, ಪಟ್ಟಿ ಸರಿಸಿದ ಮೇಲೆ ಹಳೆಯ ಗುರುತುಗಳೆಲ್ಲ ಸುಳ್ಳು. ಮತ್ತೆ ಮೊದಲಿನಿಂದ ಹಾಕಿಕೊಳ್ಳಬೇಕು. ಸ್ಕೋಪಿನ ಹೊರಬಳೆ ಕಪ್ಪಾಗಿದ್ದರೆ ಮಬ್ಬಿನಲ್ಲಿ ಕಳೆದುಹೋಗುತ್ತದೆ, ಅದರ ಹಿಂಬದಿಗೆ ತೆಳು ಬಿಳಿ ಬಣ್ಣದ ಗೆರೆ ಎಳೆ.

ಲೆನ್ಸನ್ನು ಸಂಜೆ ತೆಗೆದುಬಿಡು. ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸು ಬೆಳಕನ್ನು ಹೆಚ್ಚಿಸುವುದಿಲ್ಲ. ಅದರ ಜೊತೆ ಪೀಪಿನೊಳಗೆ ಹಾಕುವ ಕ್ಲಾರಿಫೈಯರ್ ಎಂಬ ಪುಟ್ಟ ಲೆನ್ಸು ಇನ್ನಷ್ಟು ತಡೆಯುತ್ತದೆ. ಮಳೆಗಾಲದಲ್ಲಂತೂ ಎರಡರ ಮೇಲೂ ಆವಿ. ಆಷಾಢ-ಶ್ರಾವಣದಲ್ಲಿ ಮಲಂಗಗಡದ ಕಡೆಯಿಂದ ಮೋಡ ಕವಿದರೆ ಮಧ್ಯಾಹ್ನ ಮೂರಕ್ಕೇ ಡಿಸೆಂಬರಿನ ಸಂಜೆಯಾಗುವುದು ನಿನಗೆ ಗೊತ್ತೇ ಇದೆ. ಆಗಲೂ ಇದೇ ಏರ್ಪಾಡು. ಬರಿಗಣ್ಣಿಗೆ ಟಾರ್ಗೆಟ್ ಚಿಕ್ಕದು ಕಂಡೀತು, ಆದರೆ ಕಂಡೀತು.

ಹೊಂದಿಸುವ ಕ್ರಮ ತಪ್ಪಿಸಬೇಡ. ಪೀಪ್ ಬದಲಿಸಲು ಬಿಲ್ಲನ್ನು ಒತ್ತಿ ಹಿಡಿದು ಹೆದೆ ಸಡಿಲಿಸುವ ಬೋ ಪ್ರೆಸ್ ಬೇಕು, ಅದಿಲ್ಲದೆ ಹೆದೆ ಬಿಡಿಸಲು ಯಾರು ಹೇಳಿದರೂ ಕೇಳಬೇಡ. ಹೊಸ ಪೀಪ್ ಸಡಿಲವಾಗಿ ಸಿಕ್ಕಿಸಿ, ಬಾಣ ಏರಿಸಿ, ಟಾರ್ಗೆಟ್ಟಿನ ಎದುರೇ ನಿಂತು ಕಣ್ಣು ಮುಚ್ಚಿ ಎಳೆ. ಕೈ ದವಡೆಗೆ, ಹೆದೆ ಮೂಗಿನ ತುದಿಗೆ ಯಾವಾಗಿನಂತೆ ಕೂರಲಿ. ಆಮೇಲೆ ಕಣ್ಣು ತೆರೆ. ಪೀಪ್ ಕಣ್ಣಿನೆದುರೇ ಇರಬೇಕು. ಇಲ್ಲದಿದ್ದರೆ ಪೀಪನ್ನು ಮೇಲೆ-ಕೆಳಗೆ ಸರಿಸು, ಕುತ್ತಿಗೆಯನ್ನಲ್ಲ. ಸರಿಯಾದ ಮೇಲೆ ದಾರ ಸುತ್ತಿ ಬಿಗಿ. ಅನಂತರ ಗಾರೆಯವರ ತೂಗುಗುಂಡಿನ ದಾರಕ್ಕೆ ಬಿಲ್ಲನ್ನು ನೇರ ನಿಲ್ಲಿಸಿ ಸೈಟಿನ ನೀರ್ಗುಳ್ಳೆ ನಡುವಿನಲ್ಲಿದೆಯೇ ನೋಡು. ಮಬ್ಬಿನಲ್ಲಿ ಆ ಗುಳ್ಳೆ ಕಾಣುವುದಿಲ್ಲ, ಬಿಲ್ಲು ಎತ್ತ ವಾಲಿತೋ ಬಾಣ ಅತ್ತ ಹೋಗುತ್ತದೆ, ನೀನು ಸೈಟನ್ನು ಬೈಯುತ್ತೀಯ. ಹಗಲಿನಲ್ಲೇ ಕೈಗೆ ನೇರ ಹಿಡಿಯುವ ರೂಢಿ ಆಗಿರಬೇಕು. ಇಷ್ಟಾದ ಮೇಲೆ 20 ಮೀಟರಿನಿಂದ ಶುರು. ಒಂದು ಬಾಣ ನೋಡಿ ತಿರುಪು ಮುಟ್ಟಬೇಡ, ಗುಂಪು ನೋಡು. ಬಾಣ ಹೋದ ಕಡೆಗೇ ಸೈಟು ಹೋಗಬೇಕು: ಗುಂಪು ಎಡಕ್ಕಿದ್ದರೆ ಎಡಕ್ಕೆ, ಮೇಲಿದ್ದರೆ ಮೇಲಕ್ಕೆ. ಆಮೇಲೆ 30, 40, 50.

ಇದನ್ನೆಲ್ಲ ಹಗಲು ಬೆಳಕಿನಲ್ಲೇ ಮುಗಿಸಿ, ಅದೇ ದಿನ ಸಂಜೆ ಏನನ್ನೂ ತಿರುಗಿಸದೆ ಮತ್ತೆ ಬಿಟ್ಟು ನೋಡು. ಹಗಲಿನ ಗುಂಪಿಗೂ ಸಂಜೆಯ ಗುಂಪಿಗೂ ನಡುವೆ ಇರುವ ಅಂತರವನ್ನು ಪುಸ್ತಕದಲ್ಲಿ ಬರೆದಿಡು. ಫ್ಲಡ್‌ಲೈಟಿನ ಕೆಳಗಿನದು ಮೂರನೆಯ ಲೆಕ್ಕ. ಕಂಬ ಒಂದೇ ಬದಿಗಿದ್ದರೆ ಸ್ಕೋಪಿನ ಬಳೆ ಒಂದು ಕಡೆ ಬೆಳಗಿ ಇನ್ನೊಂದು ಕಡೆ ಕಪ್ಪಾಗುತ್ತದೆ. ಕಣ್ಣು ಬೆಳಗಿದ ಅಂಚನ್ನೇ ನಂಬಿ ನಡುವನ್ನು ತಪ್ಪು ಹಿಡಿಯುತ್ತದೆ. ದೀಪದ ಕಡೆಗೆ ಟೋಪಿಯ ಅಂಚು ತಿರುಗಿಸಿ ನೋಡು, ಗುಂಪು ಸರಿದರೆ ಕಾರಣ ಅದೇ.

ರೈಲಿನ ಮಾತು ಮರೆಯುತ್ತಿದ್ದೆ. ಸೈಟನ್ನು ಬಿಲ್ಲಿಗೆ ಸಿಕ್ಕಿಸಿಕೊಂಡು ಲೋಕಲ್ ಹತ್ತಬೇಡ. ಡೊಂಬಿವಲಿಯ ನೂಕಾಟದಲ್ಲಿ ಚೀಲಕ್ಕೆ ಬೀಳುವ ಗುದ್ದು ಒಂದು ಕಡೆ, ಹಳಿಯ ನಡುಕ ಇನ್ನೊಂದು ಕಡೆ. ತಿರುಪುಗಳು ತಾವಾಗಿಯೇ ಸಡಿಲಾಗುತ್ತವೆ. ಸೈಟು ಬಟ್ಟೆಯಲ್ಲಿ ಸುತ್ತಿ ನಿನ್ನ ಬೆನ್ನಚೀಲದಲ್ಲಿ ಬರಲಿ. ಪ್ರತಿ ತಿರುಪಿನ ತಲೆಯಿಂದ ಪಟ್ಟಿಯವರೆಗೆ ವೈಟ್ನರಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದಿದೆಯೇ ಎಂದು ಒಂದು ನೋಟಕ್ಕೆ ತಿಳಿಯುತ್ತದೆ.

ಎಷ್ಟು ಹೊತ್ತಿನವರೆಗೆ ಬಿಡಬಹುದು ಎಂದು ನೀನು ಕೇಳಿಲ್ಲ. ಆದರೆ ಉತ್ತರ ಕೊಡುತ್ತೇನೆ. ನಿನ್ನ ಬಾಣ ಹೊರಡುವುದು ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ. ನಿಮ್ಮ ಮೈದಾನದ ಪಕ್ಕದಲ್ಲೇ ಹುಡುಗರು ಕ್ರಿಕೆಟ್ ಆಡುತ್ತಾರೆ, ಚೆಂಡು ಹುಡುಕುತ್ತ ಟಾರ್ಗೆಟ್ಟಿನ ಹಿಂದೆ ಬರುವುದೂ ಉಂಟು. ಕೆಂಪು ಪಟ್ಟಿ ಕೆಂಪಾಗಿ ಕಾಣುವವರೆಗೆ 50 ಮೀಟರಿನ ಅಭ್ಯಾಸ. ಅದು ಕಪ್ಪಾದ ಕೂಡಲೇ, ಹಳದಿ ಎಷ್ಟೇ ಚೆನ್ನಾಗಿ ಕಾಣುತ್ತಿರಲಿ, ಬಾಣ ಬತ್ತಳಿಕೆಗೆ. ಇದು ಅಪ್ಪಯ್ಯನ ಕಟ್ಟಳೆಯೇ, ಹಂದಿಯ ಜಾಗಕ್ಕೆ ಟಾರ್ಗೆಟ್ ಬಂದಿದೆ ಅಷ್ಟೆ. ಕೋಚ್ ಇನ್ನೊಂದು ಸುತ್ತು ಅಂದರೆ ನನ್ನ ಹೆಸರು ಹೇಳು.

ಹಾಗೆಂದು ಆ ಸಂಜೆ ಹಾಳಾಯಿತೆಂದು ಅಲ್ಲ. ಗುರುಕುಲದಲ್ಲಿ ಊಟದ ಹೊತ್ತಿಗೆ ದೀಪ ಆರಿಹೋದಾಗಲೂ ಕೈ ತಪ್ಪದೆ ಬಾಯಿಗೆ ಹೋದದ್ದನ್ನು ಕಂಡು ಅರ್ಜುನ ರಾತ್ರಿ ಅಭ್ಯಾಸ ಶುರುಮಾಡಿದ ಕತೆ ಮಹಾಭಾರತದಲ್ಲಿದೆ. ಕತ್ತಲೆ ಕೈಯ ಶಾಲೆ. ಟಾರ್ಗೆಟ್ ಮುಖ ತೆಗೆದು, ಸೈಟು ಬಿಚ್ಚಿಟ್ಟು, ಬಾಣ ನೆಡುವ ದಿಂಡಿನಿಂದ ಮೂರು ಹೆಜ್ಜೆ ದೂರದಲ್ಲಿ ದೀಪದ ಕೆಳಗೆ ನಿಂತು ಕಣ್ಣು ಮುಚ್ಚಿ ಬಿಡು. ಎಳೆತ, ದವಡೆಯ ತಾಣ, ಬೆನ್ನಿನ ಬಿಗಿ, ಬಿಡುಗಡೆ. ಅಂಕವಿಲ್ಲ, ಗುಂಪಿಲ್ಲ. ನಾನು ಬಿಲ್ಲು ಹಿಡಿಯುತ್ತಿದ್ದ ಕಾಲದಲ್ಲಿ ನನ್ನನ್ನು ಮುಂದಕ್ಕೆ ತಂದದ್ದು ಈ ಸಂಜೆಗಳೇ. ಈಗ ನನ್ನ ಕಣ್ಣಿನ ಪಾಪೆ ನಿನ್ನದರಷ್ಟು ಅರಳುವುದಿಲ್ಲ, ಆರು ಗಂಟೆಗೆ ನಾನು ಏನೂ ಕಾಣೆ. ನಿನಗೆ ಕಾಣುವುದನ್ನು ನೀನು ಜೋಪಾನ ಮಾಡಬೇಕೆಂದೇ ಇಷ್ಟು ಬರೆಯುತ್ತಿರುವುದು.

ಸಾತಾರಾದ ಕಬ್ಬಿನ ಗದ್ದೆಯ ನಡುವಿನ ಅಕಾಡೆಮಿಯಲ್ಲಿ ಕಲಿತ ಅದಿತಿ ಸ್ವಾಮಿ 2023ರಲ್ಲಿ, 17ರ ವಯಸ್ಸಿನಲ್ಲಿ, ಬರ್ಲಿನ್ನಿನಲ್ಲಿ ವಿಶ್ವ ಚಾಂಪಿಯನ್ ಆದಳು. ಅದೇ ದಿನ ನಾಗಪುರದ ಓಜಸ್ ದೇವತಳೆ ಫೈನಲ್ಲಿನಲ್ಲಿ 150ಕ್ಕೆ 150 ತೆಗೆದು ಗಂಡಸರ ಚಿನ್ನ ಗೆದ್ದ. ಇಬ್ಬರೂ ನಿನ್ನ ಹಾಗೆ ಕಾಂಪೌಂಡಿನವರು, ನಮ್ಮ ಈ ಮಹಾರಾಷ್ಟ್ರದವರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮೊದಲ ಬಾರಿಗೆ, ಮಿಶ್ರ ತಂಡದ ಸ್ಪರ್ಧೆಯಾಗಿ, ಸೇರಿದೆ. ಇದನ್ನು ನಿನ್ನ ಮೇಲೆ ಭಾರ ಹೊರಿಸಲು ಹೇಳುತ್ತಿಲ್ಲ. ಇಂಜಿನಿಯರಿಂಗ್ ಓದುವವಳಿಗೆ ಬಿಲ್ಲು ಯಾಕೆ ಎಂದು ಹಳೆಯ ಪರಿಚಯದವರು ಕೇಳಿದಾಗ ಅಕ್ಕ ಪೆಚ್ಚಾಗುತ್ತಾಳಂತೆ. ಅವಳಿಗೆ ಈ ಎರಡು ಹೆಸರು ಹೇಳಿಕೊಡು.

ಭಾನುವಾರ ಬಿಲ್ಲು ತೆಗೆದುಕೊಂಡು ಬಾ. ಠಾಣೆಯಲ್ಲಿ ಇಳಿದು ವಾಶಿ ಲೋಕಲ್ ಹಿಡಿ, ಬೆಳಿಗ್ಗೆ ಹತ್ತರ ಮೇಲೆ ಜನ ಕಡಿಮೆ. ನನ್ನ ಹಳೆಯ ಪೀಪುಗಳು ಡಬ್ಬಿಯಲ್ಲಿವೆ, 3.2ರದ್ದೂ ಇದೆ. ನನ್ನ ಜೊತೆ ಬಿಡುತ್ತಿದ್ದ ಗೆಳತಿ ನೆರೂಲಿನಲ್ಲಿದ್ದಾಳೆ, ಅವಳ ಮನೆಯಲ್ಲಿ ಬೋ ಪ್ರೆಸ್ ಇದೆ, ಮಾತಾಡಿಟ್ಟಿದ್ದೇನೆ. ಹಸಿರು ಫೈಬರು ಮಾತ್ರ ನೀನೇ ತರಬೇಕು. ಬರುವಾಗ ಅಕ್ಕ ಮಾಡಿದ ಮಿಡಿ ಉಪ್ಪಿನಕಾಯಿ ಸ್ವಲ್ಪ ಹಾಕಿಸಿಕೊಂಡು ಬಾ.

ನಿನ್ನ,
ಚಿಕ್ಕಮ್ಮ